ಹಿಂಬಾಗಿಲು ಕೊರೆದ ಬೊಮ್ಮವ್ವ

ಕಾಡಿನ ನಡುವೆ ಕರಿಬಂಡೆ ಗುಡ್ಡ ಅಂತ ಒಂದಿದೆ, ಮಕ್ಕಳೇ. ದೂರದಿಂದ ನೋಡಿದರೆ ಮುದಿ ಆನೆಯೊಂದು ‘ಸಾಕಪ್ಪಾ ಸಾಕು’ ಎಂದು ಮಗ್ಗುಲಾಗಿ ಮಲಗಿದಂತೆ ಕಾಣುತ್ತದೆ. ಅದರ ಬುಡದಲ್ಲೊಂದು ಕೊಳ. ಬೇಸಿಗೆಯಲ್ಲಿ ಬಂಡೆ ಕಾದ ಹೆಂಚಾಗುತ್ತದೆ, ಓತಿಕ್ಯಾತ ಕೂಡ ಅಲ್ಲಿ ಕಾಲೂರುವುದಿಲ್ಲ. ಮಳೆ ಹಿಡಿಯಿತೆಂದರೆ ಮಾತ್ರ ಅದು ಬೇರೆಯೇ ಗುಡ್ಡ. ಬಂಡೆಯ ಮೇಲೆ ಎಲ್ಲೆಲ್ಲಿ ಹಿಡಿ ಮಣ್ಣು ನಿಂತಿದೆಯೋ ಅಲ್ಲೆಲ್ಲ ಕರ್ಣಕುಂಡಲದ ಗಿಡ ಏಳುತ್ತದೆ. ಆಮೇಲೆ ಗುಡ್ಡಕ್ಕೆ ಗುಡ್ಡವೇ ಗುಲಾಬಿ ಬಣ್ಣ.

ಕರ್ಣಕುಂಡಲದ ಹೂವನ್ನು ನೀವು ನೋಡಿರಬಹುದು. ಮುಂದುಗಡೆ ಅಗಲವಾದ ಬಾಗಿಲು. ಬಾಗಿಲ ಮೇಲೊಂದು ಪುಟ್ಟ ಸೂರು, ಸೂರಿನ ಒಳಮೈಗೆ ಪರಾಗದ ಪುಡಿ. ಹಿಂದುಗಡೆ ಸಣ್ಣಗೆ ಬಾಗಿದ ಒಂದು ಬಾಲ. ಆ ಬಾಲದ ತುದಿಯಲ್ಲಿ ಮಕರಂದ. ಜೇನೋ ದುಂಬಿಯೋ ಮುಂಬಾಗಿಲಿಂದ ಒಳಗೆ ತೂರಿ, ನಾಲಗೆ ಚಾಚಿ, ಬಾಲದ ತುದಿಯ ಸಿಹಿ ಕುಡಿಯಬೇಕು. ಕುಡಿಯುವಾಗ ಸೂರಿನ ಪುಡಿ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಅದೇ ಬೆನ್ನು ಹೊತ್ತು ಇನ್ನೊಂದು ಹೂವಿಗೆ ಹೋದರೆ ಅಲ್ಲಿ ಕಾಯಿ ಕಟ್ಟುತ್ತದೆ. ಕಾಯಿ ಬಲಿತರೆ ಬೀಜ, ಬೀಜ ಬಿದ್ದರೆ ಮುಂದಿನ ಮಳೆಗೆ ಮತ್ತೆ ಗಿಡ. ಇದು ಅಲ್ಲಿನ ರೂಢಿ. ಯಾರು ಯಾವಾಗ ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ.

ಕೊಳದ ದಡದಲ್ಲಿ ಒಂದು ಬೂರುಗದ ಮರ. ಅದರ ಒಣಕೊಂಬೆಯೊಂದರಲ್ಲಿ ಬೊಮ್ಮವ್ವ ಎಂಬ ಮರದುಂಬಿ ಇದ್ದಳು. ಮೈ ಇದ್ದಿಲಿನಷ್ಟು ಕಪ್ಪು. ಬಿಸಿಲು ಬಿದ್ದರೆ ರೆಕ್ಕೆಯಲ್ಲಿ ನೇರಳೆ ಹೊಳಪು. ಹಾರಿದರೆ ಗುಂಯ್ ಎಂಬ ಸದ್ದು ಅವಳಿಗಿಂತ ಮುಂಚೆ ಬಂದು ತಲುಪುತ್ತಿತ್ತು. ಗಟ್ಟಿ ಮರವನ್ನೇ ಕೊರೆಯುವ ಹಲ್ಲು ಅವಳದು.

ಆದರೆ ಅವಳಿಗೆ ಬಿಡುವೆಂಬುದೇ ಇರಲಿಲ್ಲ. ಕೊಂಬೆ ಕೊರೆದು ಓಣಿ ಮಾಡಿದವಳು ಅವಳೇ. ಮಕರಂದದಲ್ಲಿ ಪುಡಿ ಕಲಸಿ ಉಂಡೆ ಕಟ್ಟಿ, ಉಂಡೆಯ ಮೇಲೆ ಮೊಟ್ಟೆ ಇಟ್ಟು, ಮರದ ಹೊಟ್ಟಿನಿಂದ ಗೋಡೆ ಹಾಕಿ, ಮತ್ತೆ ಇನ್ನೊಂದು ಉಂಡೆಗೆ ಹೊರಟವಳೂ ಅವಳೇ. ಗಂಡನಾದವನು ಬಂಡೆಯ ಮೇಲೆ ಗಸ್ತು ತಿರುಗುವುದರಲ್ಲೇ ಕಾಲ ಕಳೆದು, ಒಂದು ಗಾಳಿಮಳೆಯ ದಿನ ಎತ್ತಲೋ ಹೋದವನು ಮತ್ತೆ ಬರಲಿಲ್ಲ. ದಣಿವು ಬೊಮ್ಮವ್ವನಿಗೆ ನೆಂಟನ ಹಾಗೆ ಬಂದು ಹೋಗುತ್ತಿರಲಿಲ್ಲ. ಮನೆಯವನ ಹಾಗೆ ಒಳಗೇ ಕೂತುಬಿಟ್ಟಿತ್ತು. ಬೆಳಗ್ಗೆ ಏಳುವಾಗಲೇ ರೆಕ್ಕೆಯ ಬುಡ ನೋಯುತ್ತಿತ್ತು.

ಒಂದು ಮಧ್ಯಾಹ್ನ ಜಿಟಿಜಿಟಿ ಮಳೆ. ಬೊಮ್ಮವ್ವ ಗುಡ್ಡದ ಇಳಿಜಾರಿನ ಚೆನ್ನಿಯ ಹತ್ತಿರ ಬಂದಳು. ಚೆನ್ನಿ ಎಂದರೆ ಅಲ್ಲಿನ ಕರ್ಣಕುಂಡಲದ ಗಿಡಗಳಲ್ಲೆಲ್ಲ ಸೊಂಪಾದ ಗಿಡ. ಮೆತ್ತಗಿನ ಹೂವು, ಎಳೆಯ ಬಾಲ, ಬಾಲದ ತುಂಬ ಮಕರಂದ. ಬಂದವರನ್ನು ಬರಿಗಂಟಲಲ್ಲಿ ಕಳಿಸಿದವಳಲ್ಲ.

"ಬಾ ಅಕ್ಕಾ, ಮಳೆಯಲ್ಲಿ ನೆನೆದು ಬಂದೆಯಲ್ಲ. ಒಳಗೆ ಬಾ," ಎಂದಳು ಚೆನ್ನಿ.

ಬೊಮ್ಮವ್ವ ಬಾಗಿಲಿಗೆ ತಲೆ ಕೊಟ್ಟಳು. ಒದ್ದೆ ರೆಕ್ಕೆ ಎಸಳಿಗೆ ಅಂಟಿಕೊಂಡಿತು. ಒಂದು ಸಲ ನೂಕಿದಳು, ಆಗಲಿಲ್ಲ. ಇನ್ನೊಂದು ಸಲ ನೂಕಿದಳು, ಕಾಲು ಜಾರಿ ಹೂವಿನ ಕೆಳಕ್ಕೆ ಬಂದು ನೇತಾಡಿದಳು. ಕಣ್ಣೆದುರಿಗೇ ಹೂವಿನ ಬಾಲ ತೂಗುತ್ತಿತ್ತು. ತೆಳು ಚರ್ಮದ ಒಳಗೆ ಮಕರಂದ ಹೊಳೆಯುತ್ತಿತ್ತು.

‘ಬೂರುಗದ ಕೊಂಬೆ ಕೊರೆದವಳಿಗೆ ಇದೊಂದು ದೊಡ್ಡದೇ?’ ಎಂದುಕೊಂಡಳು. ಹಲ್ಲು ಊರಿದಳು. ಬಾಲದಲ್ಲಿ ಸಣ್ಣ ತೂತು ಬಿತ್ತು. ನಾಲಗೆ ಇಟ್ಟಳು. ಎರಡೇ ಗುಟುಕಿಗೆ ಹೂವು ಖಾಲಿ. ರೆಕ್ಕೆ ಅಂಟುವುದಿಲ್ಲ, ನೂಕುವ ಕೆಲಸವಿಲ್ಲ, ಬೆನ್ನ ಮೇಲೆ ಪುಡಿಯ ಕಿರಿಕಿರಿಯೂ ಇಲ್ಲ.

ಚೆನ್ನಿ ಬೆಚ್ಚಿದಳು. "ಅಕ್ಕಾ, ಇದೇನು? ಬಾಗಿಲು ಮುಂದೆ ಇದೆಯಲ್ಲ?"

"ಗೊತ್ತು ಚೆನ್ನಿ. ಇವತ್ತು ಕೈಲಾಗುವುದಿಲ್ಲ ತಾಯಿ. ನೀನು ಕೊಡುವುದು ಮಕರಂದ ತಾನೇ? ಮುಂದಿನಿಂದ ಕುಡಿದರೇನು, ಹಿಂದಿನಿಂದ ಕುಡಿದರೇನು?"

"ಕುಡಿಯುವುದಕ್ಕೆ ಬೇಡ ಅನ್ನುತ್ತೇನೆಯೇ? ಆದರೆ ನಾನು ಕಾಲಿಲ್ಲದವಳು ಅಕ್ಕಾ. ನನ್ನ ಪುಡಿ ಪಕ್ಕದ ಗಿಡಕ್ಕೆ ಹೋಗಬೇಕಾದರೆ ನೀನೇ ಹೋಗಬೇಕು. ಅವರದ್ದು ನನಗೆ ಬರಬೇಕಾದರೂ ನೀನೇ ಬರಬೇಕು."

ಬೊಮ್ಮವ್ವನಿಗೆ ಮುಖ ಎತ್ತಿ ನೋಡಲಾಗಲಿಲ್ಲ. "ಇವತ್ತೊಂದು ದಿನ ಬಿಡು. ನಾಳೆ ಮುಂಬಾಗಿಲಿಂದಲೇ ಬರುತ್ತೇನೆ," ಎಂದಳು. ಆ ಮಾತು ಆಡುವಾಗ ಅವಳ ಮನಸ್ಸಿನಲ್ಲಿ ಸುಳ್ಳಿರಲಿಲ್ಲ.

ಮರುದಿನ ಬಿಸಿಲು ಬಂತು. ಆದರೆ ಸುಲಭವಾದದ್ದನ್ನು ಒಮ್ಮೆ ಕಂಡ ಮೈ ಮತ್ತೆ ಕಷ್ಟದ ಕಡೆ ಹೊರಳುವುದೇ? ಬೊಮ್ಮವ್ವ ಚೆನ್ನಿಯ ಮುಂಬಾಗಿಲ ತನಕ ಹೋದಳು, ಒಂದು ಗಳಿಗೆ ನಿಂತಳು, ಆಮೇಲೆ ಸುತ್ತು ಹಾಕಿ ಹಿಂದಕ್ಕೆ ಹೋದಳು. ಅದರ ಮರುದಿನ ನಿಲ್ಲಲೂ ಇಲ್ಲ, ನೇರ ಬಾಲಕ್ಕೇ ಇಳಿದಳು. ಒಂದು ಗಿಡ ಮುಗಿಸಿ ಮತ್ತೊಂದು, ಮತ್ತೊಂದು ಮುಗಿಸಿ ಇನ್ನೊಂದು. ಉಂಡೆಗೆ ಬೇಕಾದ ಪುಡಿಯನ್ನು ಕೊಳದ ಬದಿಯ ತಂಗಡಿ ಹೂವಿನಿಂದ ತಂದುಕೊಂಡಳು.

ಇಡೀ ಗುಡ್ಡದಲ್ಲಿ ಅವಳ ಹಲ್ಲಿಗೆ ಬಗ್ಗದ ಗಿಡವೆಂದರೆ ಗಂಟಿಯ ಕುಲದ್ದು ಮಾತ್ರ. ಬಂಡೆಯ ಸೀಳಿನಲ್ಲಿ ತನ್ನ ಅಕ್ಕತಂಗಿಯರ ಜೊತೆ ಹೇಗೋ ಬದುಕಿಕೊಂಡಿದ್ದ ಒರಟು ಗಿಡ ಗಂಟಿ. ಗಿಡ್ಡ ಕಾಂಡ, ಮಂಕು ಹೂವು. ಬಾಲ ದಪ್ಪ, ನಾರುನಾರು, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿತ್ತು. ಮಕರಂದ ಆ ಸುರುಳಿಯ ಕೊನೆಯಲ್ಲಿ, ಅದೂ ಒಂದು ಹನಿ.

ಬೊಮ್ಮವ್ವ ಒಮ್ಮೆ ಅಲ್ಲಿಯೂ ಹಲ್ಲು ಊರಿ ನೋಡಿದಳು. ಹಲ್ಲು ಜಾರಿತು. ನಾರು ಕಚ್ಚಿ ಬಾಯೆಲ್ಲ ಕಹಿಯಾಯಿತು.

"ಏನು, ಸಿಗಲಿಲ್ಲವೋ?" ಎಂದಳು ಗಂಟಿ.

"ನಿನ್ನ ಒಂದು ಹನಿಗೆ ಇಷ್ಟು ಬಿಗುಮಾನ ಯಾಕೆ ಮಾರಾಯ್ತಿ?"

"ಬೇಕಾದರೆ ಮುಂದಿನಿಂದ ಬಾ. ಬೇಡವಾದರೆ ಹೋಗು. ನಿನ್ನನ್ನು ಯಾರು ಕರೆದರು?"

"ನಿನ್ನಂಥವಳ ಮನೆಗೆ ಯಾರು ಬರುತ್ತಾರೆ!" ಎಂದು ಬೊಮ್ಮವ್ವ ಬಾಯಿ ಒರೆಸಿಕೊಂಡು ಹೋದಳು. ಮೆತ್ತಗಿನ ಹೂವುಗಳು ಗುಡ್ಡದ ತುಂಬ ಇರುವಾಗ ಇವಳ ಗೊಡವೆ ಯಾರಿಗೆ ಬೇಕು?

ಕದ್ದ ದಾರಿ ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ. ತುಂಗಿ ಎಂಬ ತುಡುವೆ ಜೇನಿನ ಕಣ್ಣಿಗೆ ಆ ತೂತುಗಳು ಬಿದ್ದವು. ತುಡುವೆಯ ಹಲ್ಲಿಗೆ ಬಾಲ ಕೊರೆಯುವ ಶಕ್ತಿ ಇಲ್ಲ, ಆದರೆ ಕೊರೆದಿಟ್ಟ ತೂತಿಗೆ ನಾಲಗೆ ಹಾಕಲು ಶಕ್ತಿ ಯಾಕೆ ಬೇಕು? ಅವಳು ಗೂಡಿಗೆ ಹೋಗಿ, ಜೇನುಗಳ ರೂಢಿಯಂತೆ ಕುಣಿದು ದಾರಿ ಹೇಳಿದಳು. ಸಂಜೆಯೊಳಗೆ ಗೂಡಿಗೆ ಗೂಡೇ ಗುಡ್ಡಕ್ಕೆ ಬಂತು.

"ಬೊಮ್ಮಕ್ಕಾ, ನಿನ್ನ ಹೊಟ್ಟೆ ತಣ್ಣಗಿರಲಿ!" ಎಂದಳು ತುಂಗಿ. "ಬಾಗಿಲಲ್ಲಿ ನುಸುಳಿ ನುಸುಳಿ ನಮ್ಮ ಸೊಂಟವೇ ಬಿದ್ದುಹೋಗಿತ್ತು. ಈಗ ನೋಡು, ಆಡುತ್ತಾ ಹಾಡುತ್ತಾ ಗೂಡು ತುಂಬುತ್ತಿದೆ."

ಬೊಮ್ಮವ್ವನಿಗೆ ಹಿಗ್ಗಾಯಿತೆಂದು ಹೇಳಲಾರೆ. ಆದರೆ ತನ್ನ ಜೊತೆಗೆ ಇಷ್ಟು ಜನ ಇದ್ದಾರಲ್ಲ ಎಂದು ಒಂದು ಬಗೆಯ ಧೈರ್ಯ ಬಂತು. ಎಲ್ಲರೂ ಮಾಡುವುದು ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ ನೋಡಿ.

ಹೀಗಿರುವಾಗ ಒಂದು ಬೆಳಗ್ಗೆ ನೀಲಕ್ಕ ಬಂದಳು. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಜೇನು ಅವಳು. ಕೊಳದ ಏರಿಯ ಜೇಡಿಮಣ್ಣಿನಲ್ಲಿ ಬಿಲ ತೋಡಿಕೊಂಡು ಒಬ್ಬಳೇ ಇದ್ದವಳು. ವಯಸ್ಸಾಗಿತ್ತು. ಪಟ್ಟೆಯ ಬಣ್ಣ ಮಾಸಿ ಬೂದಿಯಾಗಿತ್ತು. ಬೊಮ್ಮವ್ವ ಕೊಂಬೆಯ ಬಾಯಲ್ಲಿ ಕುಳಿತು ಬಿಸಿಲು ಕಾಯುತ್ತಿದ್ದಳು. ನೀಲಕ್ಕ ಪಕ್ಕದ ರೆಂಬೆಯ ಮೇಲೆ ಇಳಿದು ಉಸಿರು ಸುಧಾರಿಸಿಕೊಂಡಳು.

"ಬೊಮ್ಮವ್ವಾ, ಬೆಳಗಿಂದ ಇಳಿಜಾರಿನ ಹೂವುಗಳಿಗೆಲ್ಲ ಹೋಗಿ ಬಂದೆ. ಒಳಗೆ ಹೋಗಿ ನಾಲಗೆ ಚಾಚಿದರೆ ಬರೀ ಗಾಳಿ. ಹಿಂದೆ ಹೋಗಿ ನೋಡಿದರೆ ತೂತು. ಅದು ನಿನ್ನ ಹಲ್ಲಿನ ಗುರುತು ತಾನೇ?"

"ಹೌದು ನೀಲಕ್ಕ. ಮುಚ್ಚಿಟ್ಟು ಏನಾಗಬೇಕು?"

"ನಿನ್ನನ್ನು ಬೈಯುವುದಕ್ಕೆ ಬಂದಿಲ್ಲ. ಬೈಯುವಷ್ಟು ಉಸಿರೂ ನನ್ನಲ್ಲಿಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದದ್ದನ್ನು ಹೇಳಿ ಹೋಗುತ್ತೇನೆ, ಕೇಳುತ್ತೀಯಾ?"

ಬೊಮ್ಮವ್ವ ಹೂಂ ಎಂದಳು.

"ಬಹಳ ಹಿಂದೆ ಈ ಹೂವಿಗೆ ಬಾಲವೇ ಇರಲಿಲ್ಲವಂತೆ. ನಮಗೂ ಇಷ್ಟು ಉದ್ದ ನಾಲಗೆ ಇರಲಿಲ್ಲ. ಮಕರಂದ ಬಾಗಿಲಲ್ಲೇ ಇರುತ್ತಿತ್ತು. ಬಂದವರು ಹೊರಗೇ ನಿಂತು ನೆಕ್ಕಿ ಹೋಗುತ್ತಿದ್ದರು, ಪುಡಿ ಮೈಗೆ ಸೋಕುತ್ತಿರಲಿಲ್ಲ. ಯಾವ ಹೂವಿನ ಮಕರಂದ ಒಂದಿಷ್ಟು ಒಳಗಿತ್ತೋ ಅದಕ್ಕೆ ಮಾತ್ರ ಕಾಯಿ ಕಟ್ಟಿತು. ಅದರ ಮಕ್ಕಳು ಉಳಿದರು. ಒಳಗಿನದು ಯಾವ ಜೇನಿನ ನಾಲಗೆಗೆ ಎಟುಕಿತೋ ಅದರ ಮಕ್ಕಳಿಗೆ ಹೊಟ್ಟೆ ತುಂಬಿತು. ಅವರು ಉಳಿದರು. ಹೀಗೆ ಹೂವಿನ ಬಾಲ ಉದ್ದವಾದ ಹಾಗೆ ನಮ್ಮ ನಾಲಗೆ ಉದ್ದವಾಯಿತು, ನಮ್ಮ ನಾಲಗೆ ಉದ್ದವಾದ ಹಾಗೆ ಹೂವಿನ ಬಾಲವೂ ಉದ್ದವಾಯಿತು. ಎಷ್ಟು ಮಳೆಗಾಲ ಹಿಡಿಯಿತೋ ದೇವರೇ ಬಲ್ಲ. ನೀನು ಇವತ್ತು ಚಾಚುವ ನಾಲಗೆ ನಿನ್ನೊಬ್ಬಳದಲ್ಲ ಬೊಮ್ಮವ್ವ. ಆ ಹೂವಿನ ಬಾಲವೂ ಚೆನ್ನಿಯೊಬ್ಬಳದಲ್ಲ."

"ಅದೆಲ್ಲ ಸರಿ ನೀಲಕ್ಕ," ಎಂದಳು ಬೊಮ್ಮವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸ. "ಆದರೆ ನೀನು ನನ್ನ ರೆಕ್ಕೆಯ ಅಂಚು ನೋಡು. ಹರಿದ ಬಾಳೆಲೆ ಆಗಿದೆ. ಒಳಗೆ ಗೋಡೆಗೊಂದು ಮಗು ಮಲಗಿದೆ. ನಾನು ಬಿದ್ದರೆ ಇನ್ನುಳಿದ ಗೋಡೆ ಕಟ್ಟುವವರು ಯಾರು? ಇಷ್ಟು ದೊಡ್ಡ ಗುಡ್ಡ. ನಾನೊಬ್ಬಳು ನಾಲ್ಕು ದಿನ ಸುಧಾರಿಸಿಕೊಂಡರೆ ಏನಾಗಿಬಿಡುತ್ತದೆ?"

"ನೀನೊಬ್ಬಳೇ ಆಗಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ," ಎಂದಳು ನೀಲಕ್ಕ. ಗುಡ್ಡದ ಕಡೆ ನೋಡಿದಳು. ತುಡುವೆಗಳ ಗುಂಪು ಹೂವುಗಳ ಹಿಂದೆ ಹಿಂದೆಯೇ ಮೊಯ್ಯೆಂದು ಮುತ್ತಿತ್ತು. ಮುಂಬಾಗಿಲುಗಳಲ್ಲಿ ಯಾರೂ ಇರಲಿಲ್ಲ.

"ನಾನಿನ್ನು ಬಂಡೆಯ ಸೀಳಿಗೆ ಹೋಗುತ್ತೇನೆ. ಗಂಟಿಯ ಹೂವಲ್ಲಾದರೂ ಒಂದೊಂದು ಹನಿ ಉಳಿದಿದೆ. ಎಟುಕುವುದು ಕಷ್ಟ. ಏನು ಮಾಡುವುದು, ಹೊಟ್ಟೆ ಕೇಳಬೇಕಲ್ಲ," ಎಂದು ಅವಳು ನಿಧಾನಕ್ಕೆ ಹಾರಿಹೋದಳು.

ಮಳೆ ಹಿಂದಾಯಿತು. ಬೊಮ್ಮವ್ವನ ಓಣಿ ತುಂಬಿತು. ಆ ವರ್ಷ ಅವಳ ಉಂಡೆಗಳು ದಪ್ಪದಪ್ಪವಾಗಿದ್ದವು, ಗೋಡೆಗಳು ನೆಟ್ಟಗಿದ್ದವು. ಎಷ್ಟೋ ದಿನಗಳ ಮೇಲೆ ಒಂದು ಸಂಜೆ ಕೆಲಸವಿಲ್ಲದೆ ಕುಳಿತಳು. ಕುಳಿತವಳಿಗೆ ಚೆನ್ನಿಯ ನೆನಪಾಯಿತು. ‘ನಾಳೆ ಬರುತ್ತೇನೆ ಅಂದಿದ್ದೆನಲ್ಲ, ಈಗ ಹೋಗೋಣ’ ಎಂದು ಎದ್ದಳು.

ಗುಡ್ಡದ ಇಳಿಜಾರು ಬಣ್ಣ ಬಿಟ್ಟಿತ್ತು. ಬಿದ್ದ ಹೂವುಗಳು ಕಲ್ಲಿನ ಮೇಲೆ ಕೊಳೆತು ಅಂಟಿದ್ದವು. ಬೇರೆ ವರ್ಷಗಳಲ್ಲಾದರೆ ಈ ಹೊತ್ತಿಗೆ ಗಿಡದ ತುಂಬ ಹಸಿರು ಕಾಯಿ. ಗಾಳಿ ಸೋಕಿದರೆ ಸಾಕು ಪಟ್ ಎಂದು ಸಿಡಿದು ಬೀಜ ಎರಚುತ್ತಿದ್ದವು. ಈಗ ರೆಂಬೆಗಳಲ್ಲಿ ಹೂವು ಉದುರಿದ ಬೋಳು ತೊಟ್ಟುಗಳು ಮಾತ್ರ. ಚೆನ್ನಿಯ ಕಾಂಡ ಹಳದಿಯಾಗಿ ಬಾಗಿತ್ತು. ತುದಿಯಲ್ಲಿ ಒಂದು ಬಾಡಿದ ಹೂವು ಉಳಿದಿತ್ತು.

"ಚೆನ್ನೀ, ಬಂದೆ ಕಣೇ. ಮುಂಬಾಗಿಲಿಂದಲೇ ಬಂದೆ," ಎಂದು ಬೊಮ್ಮವ್ವ ಎಸಳು ಸರಿಸಿ ಒಳಗೆ ಹೋದಳು. ಒಳಗೆಲ್ಲ ಒಣಗಿತ್ತು. ಸೂರಿನ ಪುಡಿ ಮಳೆಗೆ ನೆನೆದು ಕರಿಕಟ್ಟಿತ್ತು.

"ಬಂದೆಯಾ ಅಕ್ಕಾ," ಎಂದಳು ಚೆನ್ನಿ. "ನೀನು ಬರುತ್ತೀಯ ಅಂತ ದಿನಾ ಬಾಗಿಲು ತೆರೆದೇ ಇಟ್ಟಿದ್ದೆ."

"ಈಗ ಹೇಳು, ಯಾರ ಹತ್ತಿರ ಹೋಗಿ ಪುಡಿ ತರಲಿ? ಎಷ್ಟು ದೂರವಾದರೂ ಹೋಗುತ್ತೇನೆ."

"ಯಾರ ಹತ್ತಿರ ಅಂತ ಹೇಳಲಿ? ಎಲ್ಲರದ್ದೂ ಹೀಗೇ ಆಗಿದೆ."

"ಒಂದು ಕಾಯಿಯೂ ಕಟ್ಟಲಿಲ್ಲವೇ?"

"ಇಲ್ಲ ಅಕ್ಕಾ."

ಬೊಮ್ಮವ್ವ ಬಾಡಿದ ಎಸಳಿನ ಮೇಲೆ ಹಾಗೇ ಕುಳಿತಳು. ಚೆನ್ನಿ ಬೈಯಲಿಲ್ಲ, ಅಳಲೂ ಇಲ್ಲ. "ಮಕ್ಕಳು ಚೆನ್ನಾಗಿದ್ದಾರಾ?" ಎಂದು ಕೇಳಿದಳು.

"ಚೆನ್ನಾಗಿದ್ದಾರೆ," ಎಂದಳು ಬೊಮ್ಮವ್ವ.

"ಒಳ್ಳೆಯದಾಯಿತು," ಎಂದಳು ಚೆನ್ನಿ. ಕೆಲವು ದಿನಗಳಲ್ಲಿ ಅವಳು ಒಣಗಿ ಬಂಡೆಗೆ ಒರಗಿದಳು. ಬಿಸಿಲು ಅವಳನ್ನು ಪುಡಿ ಮಾಡಿತು, ಗಾಳಿ ಹೊತ್ತುಕೊಂಡು ಹೋಯಿತು. ನೀಲಕ್ಕನೂ ಮಳೆಯ ಜೊತೆಗೇ ಹೋದಳು. ಅವಳ ಕುಲದವರ ಆಯುಸ್ಸೇ ಅಷ್ಟು.

ಬೇಸಿಗೆಯನ್ನು ಬೊಮ್ಮವ್ವ ಎಕ್ಕದ ಹೂವಿನ ಮೇಲೆ ಕಳೆದಳು. ಮರದುಂಬಿಗಳು ಒಂದು ಮಳೆಗಾಲದಿಂದ ಇನ್ನೊಂದರ ತನಕ ಬದುಕಬಲ್ಲವು. ಅಷ್ಟರಲ್ಲಿ ಗೋಡೆಗಳನ್ನು ಒಡೆದುಕೊಂಡು ಅವಳ ಹೆಣ್ಣುಮಕ್ಕಳು ಹೊರಗೆ ಬಂದರು. ದುಂಡು ದುಂಡು ಮಕ್ಕಳು, ಹೊಸ ರೆಕ್ಕೆ. ಎಲ್ಲರಿಗಿಂತ ಚಿಕ್ಕವಳು ದ್ಯಾಮಿ. ಮೈ ಸಣ್ಣದು, ನಾಲಗೆ ಮಾತ್ರ ಉದ್ದ. "ಇವಳ ನಾಲಗೆ ಇವಳಿಗಿಂತ ಮುಂಚೆ ಹುಟ್ಟಿದೆ," ಎಂದು ಅಕ್ಕಂದಿರು ಆಡಿಕೊಳ್ಳುತ್ತಿದ್ದರು.

"ಮಳೆ ಬರಲಿ ತಡೆಯಿರಿ," ಎನ್ನುತ್ತಿದ್ದಳು ಬೊಮ್ಮವ್ವ. "ಗುಡ್ಡವೆಲ್ಲ ಹೂವಾಗುತ್ತದೆ. ಹೊಟ್ಟೆ ಬಿರಿಯುವಷ್ಟು ಕುಡಿಯುವಿರಂತೆ." ಎಲ್ಲಿಯಾದರೂ ಒಂದಿಷ್ಟು ಬೀಜ ಬಿದ್ದಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮಳೆ ಬಂತು. ಗುಡ್ಡ ಹಸಿರಾಯಿತು. ದಿನ ಕಳೆದವು, ಆದರೆ ಗುಡ್ಡ ಹಸಿರಾಗಿಯೇ ಉಳಿಯಿತು. ಚೆನ್ನಿ ನಿಂತಿದ್ದ ಇಳಿಜಾರಿನಲ್ಲಿ ಹುಲ್ಲು, ಬರೀ ಹುಲ್ಲು. ತುಡುವೆಗಳು ಬಂದು ಸುತ್ತಿ ಸುತ್ತಿ ನೋಡಿದವು. ಒಂದು ಬೆಳಗ್ಗೆ ಅವುಗಳ ಗೂಡು ಎದ್ದು ಹೋಯಿತು. ಹೋಗುವಾಗ ತುಂಗಿ ಒಂದು ಮಾತು ಹೇಳಿದಳು: "ಈ ಗುಡ್ಡದಲ್ಲಿ ಇನ್ನೇನಿದೆ ಬೊಮ್ಮಕ್ಕಾ? ನಾವು ಹೊರಟೆವು. ನೀನೂ ಬೇರೆ ಕಡೆ ನೋಡಿಕೋ." ಅವಳಿಗೆ ಹಿಂದಿನ ವರ್ಷದ್ದು ಯಾವುದೂ ನೆನಪಿದ್ದಂತೆ ಕಾಣಲಿಲ್ಲ.

ಹುಡುಕಿ ಹುಡುಕಿ ಬೊಮ್ಮವ್ವ ಕೊನೆಗೆ ಬಂಡೆಯ ಸೀಳಿನ ಹತ್ತಿರ ಬಂದಳು. ಅಲ್ಲಿ ಗುಲಾಬಿ ಬಣ್ಣ ಕಂಡಿತು. ಅವಳ ಜೀವ ಹಿಗ್ಗಿತು. "ಬನ್ನಿ ಮಕ್ಕಳೇ, ಬನ್ನಿ! ಇಲ್ಲಿದೆ!"

ಮಕ್ಕಳು ಗುಂಯ್ಗುಟ್ಟುತ್ತಾ ಬಂದರು. ಬೊಮ್ಮವ್ವ ಹತ್ತಿರ ಹೋಗಿ ನೋಡಿದಳು. ಗಿಡ್ಡ ಕಾಂಡ, ಮಂಕು ಹೂವು. ಪ್ರತಿ ಹೂವಿನ ಹಿಂದೆ ದಪ್ಪ ನಾರಿನ ಬಾಲ, ಚಿಪ್ಪಿನ ಹಾಗೆ ಸುತ್ತಿದ್ದು. ಅವೆಲ್ಲ ಗಂಟಿಯ ಮಕ್ಕಳು, ಗಂಟಿಯ ಅಕ್ಕತಂಗಿಯರ ಮಕ್ಕಳು. ಹಲ್ಲಿಗೆ ಬಗ್ಗದ ಆ ಸೀಳಿನ ಗಿಡಗಳಿಗೆ ಮಾತ್ರ ನೀಲಕ್ಕ ಹೋಗಿ ಬರುತ್ತಿದ್ದಳಲ್ಲ, ಕಾಯಿ ಕಟ್ಟಿದ್ದು ಅವುಗಳಿಗೆ ಮಾತ್ರ.

ಅವಳಿಗೆ ಆಗ ಅರ್ಥವಾಯಿತು. ಮೆತ್ತಗಿನ ಬಾಲದವರು, ಕೈತುಂಬ ಕೊಡುತ್ತಿದ್ದವರು, ‘ಬಾ ಅಕ್ಕಾ’ ಎಂದು ಕರೆಯುತ್ತಿದ್ದವರು ಒಬ್ಬರೂ ಉಳಿದಿರಲಿಲ್ಲ. ಅವರನ್ನೆಲ್ಲ ತಾನೇ ಕೊರೆದು ಮುಗಿಸಿದ್ದಳು. ತಾನು ಬೇಡವೆಂದು ಬಿಟ್ಟವರ ಸಂತತಿ ಮಾತ್ರ ಈಗ ತನ್ನ ಮಕ್ಕಳ ಪಾಲಿಗೆ ಇತ್ತು. ಯಾವ ಗಿಡ ಬೆಳೆಯಬೇಕು, ಯಾವುದು ಅಳಿಯಬೇಕು ಎಂದು ತನ್ನ ಹಲ್ಲೇ ಆರಿಸಿಬಿಟ್ಟಿತ್ತು.

ದೊಡ್ಡ ಮಗಳು ಒಂದು ಬಾಲ ಕಚ್ಚಿ ನೋಡಿ ಉಗುಳಿದಳು. ಇನ್ನೊಬ್ಬಳು ಮುಂಬಾಗಿಲಿಂದ ಹೋಗಿ, ಅರ್ಧ ಸುರುಳಿಯ ತನಕ ನಾಲಗೆ ಚಾಚಿ, ಸಿಗದೆ ಹೊರಗೆ ಬಂದಳು. "ಅವ್ವಾ, ಹೊಟ್ಟೆ ಬಿರಿಯುವಷ್ಟು ಅಂದಿದ್ದೆಯಲ್ಲ?" ಎಂದಳು.

ಬೊಮ್ಮವ್ವ ತಲೆ ತಗ್ಗಿಸಿದಳು. "ಸುಳ್ಳು ಹೇಳಲಿಲ್ಲ ಮಗಳೇ. ಹಿಂದೆ ಹಾಗೇ ಇತ್ತು. ನಾನು ಕೆಡಿಸಿದೆ," ಎಂದಳು. ಆಮೇಲೆ ಹೂವಿನ ಬಾಲ ಕೊರೆದದ್ದು, ಚೆನ್ನಿ ಕಾದದ್ದು, ನೀಲಕ್ಕ ಹೇಳಿದ್ದು, ಎಲ್ಲವನ್ನೂ ಹೇಳಿದಳು. ಮಕ್ಕಳು ಕೇಳಿದರು. ಆದರೆ ಕತೆ ಕೇಳಿದರೆ ಹೊಟ್ಟೆ ತುಂಬುವುದಿಲ್ಲ. ಒಬ್ಬೊಬ್ಬರಾಗಿ ಕೊಳ ದಾಟಿ, ಆಚೆಯ ಕಾಡು ಹುಡುಕಿಕೊಂಡು ಹೋದರು. ಮಳೆಯಲ್ಲಿ ಅಷ್ಟು ದೂರ ಹಾರುವುದು ಹೊಸ ರೆಕ್ಕೆಗಳಿಗೂ ಸುಲಭವಲ್ಲ. ಯಾರು ತಲುಪಿದರು, ಯಾರು ತಲುಪಲಿಲ್ಲ ಎಂದು ಬೊಮ್ಮವ್ವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ದ್ಯಾಮಿ ಒಬ್ಬಳು ಉಳಿದಳು. ಅಕ್ಕಂದಿರು ನಗುತ್ತಿದ್ದ ಆ ನಾಲಗೆ ಸುರುಳಿಯ ಕೊನೆಯ ತನಕ ಹೋಗುತ್ತಿತ್ತು. ಒಂದು ಹೂವಿಗೆ ಒಂದೇ ಹನಿ. ಹೊಟ್ಟೆ ತುಂಬಬೇಕಾದರೆ ಸೀಳಿನ ಗಿಡಗಳನ್ನೆಲ್ಲ ಸುತ್ತಬೇಕು, ಸಂಜೆಯ ಹೊತ್ತಿಗೆ ಮತ್ತೆ ಸುತ್ತಬೇಕು. ತಾಯಿ ಕಾಣದಷ್ಟು ದುಡಿಮೆ ಮಗಳಿಗೆ ಬಂತು. ಕೆಲವು ಸಂಜೆ ಅವಳು ಕೊಂಬೆಗೆ ಬಂದವಳೇ ಬಿದ್ದು ಮಲಗುವುದನ್ನು ಬೊಮ್ಮವ್ವ ನೋಡುತ್ತಾ ಕೂರುತ್ತಿದ್ದಳು. ಅದಕ್ಕಿಂತ ತನ್ನ ಹಳೆಯ ನೋವೇ ಹಗುರವಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಂದು ದಿನ ದ್ಯಾಮಿ ಏಳಲಾರದೆ ಮಲಗಿದ್ದಳು. ಮಳೆಗೆ ನೆನೆದು ರೆಕ್ಕೆ ಭಾರವಾಗಿತ್ತು. ಬೊಮ್ಮವ್ವ ಎದ್ದಳು. ಹರಿದ ರೆಕ್ಕೆಯಲ್ಲಿ ಅಲ್ಲಲ್ಲಿ ಕೂತು, ಅಲ್ಲಲ್ಲಿ ನಿಂತು ಬಂಡೆಯ ಸೀಳಿಗೆ ತಲುಪಿದಳು. ಗಂಟಿಯ ಮಗಳೊಬ್ಬಳ ಮುಂದೆ ನಿಂತಳು.

"ಏನು ಬೇಕು?" ಎಂದಿತು ಆ ಗಿಡ. ತಾಯಿಯ ದನಿಯೇ.

"ಏನೂ ಬೇಡ ತಾಯಿ. ಒಳಗೆ ಬರಲೇ?"

ಗಿಡ ಅವಳನ್ನು ಅನುಮಾನದಿಂದ ನೋಡಿತು. ಬೊಮ್ಮವ್ವ ಮುಂಬಾಗಿಲಿಗೆ ತಲೆ ಕೊಟ್ಟು, ನೂಕಿ, ಒಳಗೆ ಹೋದಳು. ನಾಲಗೆ ಚಾಚಿದಳು. ಅರ್ಧ ಸುರುಳಿಯ ಆಚೆ ಅದು ಹೋಗಲಿಲ್ಲ. ಆದರೆ ಸೂರಿನ ಪುಡಿ ಬೆನ್ನಿನ ಮೇಲೆ ಮೆತ್ತಗೆ ಉದುರಿತು. ಅವಳು ಹೊರಬಂದು ಪಕ್ಕದ ಹೂವಿಗೆ ಹೋದಳು. ಅಲ್ಲಿಂದ ಇನ್ನೊಂದಕ್ಕೆ. ಅಲ್ಲಿಯೂ ಬಾಯಿಗೆ ಏನೂ ಬರಲಿಲ್ಲ.

ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದಾಗ ದ್ಯಾಮಿ ತಾಯಿಯನ್ನು ಹುಡುಕಿಕೊಂಡು ಬಂದಳು. ಬೊಮ್ಮವ್ವ ಒಂದು ಹೂವಿನಿಂದ ಹಿಂದೆ ಹಿಂದೆ ಸರಿಯುತ್ತಾ ಹೊರಗೆ ಬರುತ್ತಿದ್ದಳು. ಕಪ್ಪು ಬೆನ್ನೆಲ್ಲ ಪುಡಿಯಿಂದ ಬೆಳ್ಳಗಾಗಿತ್ತು.

"ಅವ್ವಾ! ನಿನ್ನ ನಾಲಗೆಗೆ ಒಂದು ಹನಿಯೂ ಸಿಗುವುದಿಲ್ಲ. ಮತ್ತೆ ಯಾಕೆ ಹೀಗೆ ಹೂವಿಂದ ಹೂವಿಗೆ ಹೋಗುತ್ತಿದ್ದೀಯ?"

"ಬೆನ್ನು ಇದೆಯಲ್ಲ ಮಗಳೇ," ಎಂದಳು ಬೊಮ್ಮವ್ವ. ಒಂದು ಗಳಿಗೆ ಎಸಳಿನ ಅಂಚು ಹಿಡಿದು ಉಸಿರು ತೆಗೆದುಕೊಂಡಳು. ಆಮೇಲೆ ಮುಂದಿನ ಹೂವಿನ ಬಾಗಿಲಿಗೆ ತಲೆ ಕೊಟ್ಟಳು.

ದ್ಯಾಮಿ ಅದರ ಪಕ್ಕದ ಹೂವಿಗೆ ಹೋದಳು.

ನೀತಿ: ದಣಿವು ತಪ್ಪಿಸಿಕೊಳ್ಳಲು ನಾವು ಕೊರೆದ ಅಡ್ಡದಾರಿ ನಮ್ಮ ಮಕ್ಕಳ ದಾರಿಯನ್ನು ಇನ್ನಷ್ಟು ಉದ್ದ ಮಾಡುತ್ತದೆ.